ಹನ್ನೆರಡು ಗಂಟೆಯ ದುಡಿಮೆ ಯಾರ ಏಳಿಗೆಗೆ?

ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಯುವಕರಿಗೆ ಉಪದೇಶ ಮಾಡಿದವರು ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು. 2025ರ ಜನವರಿಯಲ್ಲಿ ಹೊರಬಿದ್ದ ಲಾರ್ಸೆನ್ ಅಂಡ್ ಟೂಬ್ರೊ ಅಧ್ಯಕ್ಷ ಸುಬ್ರಹ್ಮಣ್ಯನ್ನರ ಮಾತಿನಲ್ಲಿ ಅದು 90ಕ್ಕೆ ಏರಿತು. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಚೀಲ ಹೊರುವ ಹಮಾಲಿಗೆ ಈ ಉಪದೇಶ ಹೊಸದಲ್ಲ. ಸುಗ್ಗಿಯಲ್ಲಿ ಅವನು ಇದನ್ನು ಕೇಳದೆಯೇ ಪಾಲಿಸುತ್ತ ಬಂದಿದ್ದಾನೆ. ಅದರಿಂದ ಅವನು ಸಿರಿವಂತನಾದದ್ದನ್ನು ಮಾತ್ರ ನಾವು ಕಂಡಿಲ್ಲ. ಎರಡನೆಯ ಬೊಂಬಾಯಿ ಎನಿಸಿಕೊಂಡಿದ್ದ ಊರಿನಲ್ಲಿ, ಪರದೇಶದ ತಾಳೆ ಎಣ್ಣೆ ಬಂದ ಮೇಲೆ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಉಳಿದವುಗಳಲ್ಲಿ ಧಣಿ ಹೇಳಿದ್ದೇ ಹೊತ್ತು.

ಎಂಟು ಗಂಟೆಯ ದಿನ ಯಾರೂ ದಾನ ಕೊಟ್ಟದ್ದಲ್ಲ. 1886ರ ಮೇ ತಿಂಗಳಲ್ಲಿ ಷಿಕಾಗೋ ಕಾರ್ಮಿಕರು ಅದಕ್ಕಾಗಿ ಮುಷ್ಕರ ಹೂಡಿ ನೆತ್ತರು ಸುರಿಸಿದರು. 1919ರ ವಾಷಿಂಗ್ಟನ್ ಸಮ್ಮೇಳನ ಅದನ್ನು ಒಪ್ಪಿತಾದರೂ ಭಾರತದ ಕಾರ್ಮಿಕನಿಗೆ ಮಾತ್ರ ವಾರಕ್ಕೆ 60 ಗಂಟೆ ಎಂದು ಬೇರೆ ಪಂಕ್ತಿ ಹಾಕಿತು. 1948ರ ಕಾರ್ಖಾನೆ ಕಾಯಿದೆಯಲ್ಲಿ 48 ಗಂಟೆಯ ವಾರ ನೆಲೆಯೂರಿತು. ಸ್ವರಾಜ್ಯದ 75 ವರ್ಷ ತುಂಬಿದ ಮೇಲೆ, 2023ರಲ್ಲಿ, ನಮ್ಮ ಶಾಸನಸಭೆಯೇ ಆ ಕಾಯಿದೆಯನ್ನು ತಿದ್ದಿ ದಿನಕ್ಕೆ 12 ಗಂಟೆಗೆ ದಾರಿ ಬಿಟ್ಟಿತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿ 75 ಗಂಟೆಯಿಂದ 145ಕ್ಕೆ ಹಾರಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದು ಸಮಾಧಾನ ಹೇಳಿದರು. ನಾಳೆ ಕೆಲಸ ಉಂಟೋ ಇಲ್ಲವೋ ಎಂದು ಹೆದರಿದವನ ಹೆಬ್ಬೆಟ್ಟು ಒಪ್ಪಿಗೆಯೇ?

2025ರ ನವೆಂಬರ್ 21ರಂದು ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 8 ಗಂಟೆಯ ದಿನ, ಹೆಚ್ಚಿಗೆ ದುಡಿದರೆ ಇಮ್ಮಡಿ ಕೂಲಿ ಎಂದು ಅಲ್ಲಿಯೂ ಬರೆದಿದೆ. ಆದರೆ ವಿದ್ಯುತ್ತು ಬಳಸುವ ಗಿರಣಿ ಕಾರ್ಖಾನೆ ಎನಿಸಲು ಹಿಂದೆ 10 ಮಂದಿ ಸಾಕಿತ್ತು. ಈಗ 20 ಮಂದಿ ಬೇಕು. ಸಣ್ಣ ಗಿರಣಿಗಳ ಹಾಜರಿ ಪುಸ್ತಕ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮೊಳಕಾಲ್ಮೂರಿನ ನೇಕಾರನಿಗಂತೂ ಗಡಿಯಾರವೇ ಇಲ್ಲ. ಮಗ್ಗ ಮನೆಯೊಳಗೇ, ಕೂಲಿ ಗಂಟೆಗಲ್ಲ, ಸೀರೆಗೆ. ಗಂಡ ಲಾಳಿ ಹಾಕಿದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಆಕೆಯ ಹೊತ್ತು ಯಾವ ಲೆಕ್ಕಕ್ಕೂ ಇಲ್ಲ. ಆ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಬಂದಿದೆ, ಸಂತೋಷ. ಮನ್ನಣೆ ಬಂದದ್ದು ಸೀರೆಗೆ.

ದೊಡ್ಡ ಶಹರಿನಲ್ಲಿ ಸುಖವಿದೆಯೆಂದು ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿಯ ಕಂಪ್ಯೂಟರ್ ಕಂಪನಿಗಳಿಗೆ 14 ಗಂಟೆಯ ದಿನ ಮಾಡಿಕೊಡುವ ಪ್ರಸ್ತಾಪ 2024ರ ಜುಲೈಯಲ್ಲಿ ಬಂದಿತ್ತು; ನೌಕರರ ಸಂಘ ಬೀದಿಗಿಳಿಯಿತು. ಟೋಕಿಯೋ ನೋಡಿ ಕಲಿಯಿರಿ ಎನ್ನುವವರು ಪೂರ್ತಿ ನೋಡಲಿ. ಅತಿದುಡಿಮೆಯ ಸಾವಿಗೆ ಆ ಭಾಷೆಯಲ್ಲಿ ‘ಕರೋಶಿ’ ಎಂಬ ಪದವೇ ಇದೆ. 2018ರಲ್ಲಿ ಜಪಾನು ಹೆಚ್ಚುವರಿ ದುಡಿಮೆಗೆ ಕಾಯಿದೆಯ ಕಡಿವಾಣ ಹಾಕಿತು. ಅದೇ ವರ್ಷ ದಕ್ಷಿಣ ಕೊರಿಯಾ ವಾರದ ಮಿತಿಯನ್ನು 68ರಿಂದ 52ಕ್ಕೆ ಇಳಿಸಿತು. ವಾರಕ್ಕೆ 55 ಗಂಟೆ ಮತ್ತು ಮೇಲ್ಪಟ್ಟ ದುಡಿಮೆಯಿಂದ 2016 ಒಂದೇ ವರ್ಷದಲ್ಲಿ ಲೋಕದಲ್ಲಿ 7,45,000 ಜನ ಹೃದ್ರೋಗ, ಪಾರ್ಶ್ವವಾಯುಗಳಿಂದ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ಲೆಕ್ಕ. ಅವರು ಇಳಿಸಿದ ಹೊರೆಯನ್ನು ನಾವು ಹೊರಬೇಕಂತೆ!

ಅಂಗಡಿಕಾರ ಬಂಧುಗಳು ಇದು ಗಿರಣಿಯವರ ಮಾತೆಂದು ಪಕ್ಕಕ್ಕಿಡಬಾರದು. ರಾತ್ರಿ ಹತ್ತರವರೆಗೆ ಗಿರಣಿಯಲ್ಲಿರುವವನು ನಿಮ್ಮ ಅಂಗಡಿಗೆ ಬರುವುದು ಯಾವಾಗ? ನೀವೂ ಅಷ್ಟು ಹೊತ್ತೂ ಬಾಗಿಲು ತೆಗೆದೇ ಇಡುತ್ತೀರಿ. ಮೊದಲು ಪಕ್ಕದವನು ಹಾಕಲಿ ಎಂದು ನೀವು, ನೀವು ಹಾಕಲಿ ಎಂದು ಅವನು. ಬಜಾರೆಲ್ಲ ಕೂಡಿ ಒಂದೇ ಹೊತ್ತಿಗೆ ಮುಚ್ಚಿದರೆ ಯಾರ ಗಿರಾಕಿಯೂ ತಪ್ಪಿಹೋಗುವುದಿಲ್ಲ.

ಗಿರಣಿ ಬಾಗಿಲಲ್ಲಿ ಬರುವ ಹೋಗುವ ಹೊತ್ತಿನ ಪುಸ್ತಕ ಇರಲಿ. ಸೀರೆಯ ಕೂಲಿಯನ್ನು ಎಂಟು ಗಂಟೆಯ ದಿನದ ಲೆಕ್ಕದಲ್ಲಿ, ಹೆಂಗಸರ ಹೊತ್ತನ್ನೂ ಸೇರಿಸಿ ಗೊತ್ತುಮಾಡಲಿ. ಮುಂದಿನ ಸುಗ್ಗಿಯಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಒಂದು ರಾತ್ರಿ ಚಳ್ಳಕೆರೆಯ ಗಿರಣಿಗಳ ಮುಂದೆ ನಿಂತು ಎಣಿಸಲಿ. ಜೊತೆಗೆ ನಾವೂ ಬರುತ್ತೇವೆ.