ನಾಲ್ಕು ಚಕ್ರದ ಭ್ರಮೆ

2024ರ ಆಗಸ್ಟ್ ತಿಂಗಳಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯ ಮೇಲುಸೇತುವೆಯ ಮೇಲೆ ವೀಲಿಂಗ್ ಮಾಡುತ್ತಿದ್ದ ಹುಡುಗರ ಸ್ಕೂಟರುಗಳನ್ನು ರೇಗಿದ ಜನ ಎತ್ತಿ ಕೆಳಕ್ಕೆ ಎಸೆದದ್ದು ಓದುಗರಿಗೆ ನೆನಪಿರಬಹುದು. ಈ ವಿಷಯದಲ್ಲಿ ನಮ್ಮ ನಡುವೆ ಎರಡು ಪಕ್ಷಗಳಿವೆ. ಗಾಡಿಯ ಜೊತೆಗೆ ಹುಡುಗರನ್ನೂ ಎಸೆಯಬೇಕಿತ್ತು ಎನ್ನುವುದು ಒಂದು ಪಕ್ಷ. "ಹರೆಯದ ಹುಮ್ಮಸ್ಸು, ರಸ್ತೆಯಲ್ಲಿ ಬೇಡ, ಬೇಲಿ ಹಾಕಿದ ಬಯಲಿನಲ್ಲಿ ನಾಲ್ಕು ಚಕ್ರದ ಬೈಕು ಕೊಡಿ. ಅದು ಬೀಳುವುದಿಲ್ಲ, ಆಸೆ ತೀರಿಸಿಕೊಳ್ಳಲಿ" ಎನ್ನುವುದು ಇನ್ನೊಂದು. ಮೊದಲನೆಯದು ಕೋಪದ ಮಾತು. ಕೋಪ ಇಳಿದಾಗ ತಾನೂ ಇಳಿಯುತ್ತದೆ. ಎರಡನೆಯದು ವಿವೇಕದ ವೇಷ ಹಾಕಿಕೊಂಡು ಬರುವುದರಿಂದ ಹೆಚ್ಚು ಅಪಾಯಕಾರಿ. ನನ್ನ ತಕರಾರು ಅದರ ಮೇಲೆ.

ಕನ್ನಡ ಮೇಷ್ಟರಿಗೆ ಯಂತ್ರದ ಉಸಾಬರಿ ಏಕೆ ಎಂದು ಕೇಳಬಹುದು. ಮೇಷ್ಟರಿಗೆ ಓದಲು ಬರುತ್ತದೆ, ಅದಕ್ಕೆ. ಎ.ಟಿ.ವಿ. ಎಂದು ಕರೆಯುವ ಈ ವಾಹನದ ಮೈಮೇಲೆ ತಯಾರಿಸಿದವನೇ ಅಂಟಿಸಿದ ಎಚ್ಚರಿಕೆಯ ಚೀಟಿಯೊಂದಿರುತ್ತದೆ. ಹೆಲ್ಮೆಟ್ ಇಲ್ಲದೆ ಏರಬೇಡ. ಸಾರ್ವಜನಿಕ ರಸ್ತೆಗೆ ಇಳಿಸಬೇಡ. ಒಬ್ಬನಿಗಾಗಿ ಮಾಡಿದ ಗಾಡಿಯಲ್ಲಿ ಇನ್ನೊಬ್ಬನನ್ನು ಕೂರಿಸಬೇಡ. ದೊಡ್ಡ ಗಾಡಿಯಾದರೆ 16 ವರ್ಷ ತುಂಬದವರಿಗೆ ಕೊಡಬೇಡ. ಮಾರುವವನೇ ಇಷ್ಟು ಬೇಡಗಳನ್ನು ಹೇಳುವ ಸರಕು ಪೇಟೆಯಲ್ಲಿ ಅಪರೂಪ. ಬೀಳದ ಗಾಡಿಗೆ ಈ ಚೀಟಿ ಏಕೆ ಬೇಕಾಯಿತು?

ಚರಿತ್ರೆ ಉತ್ತರ ಹೇಳುತ್ತದೆ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ದಪ್ಪ ಟೈರುಗಳ ಮೂರು ಚಕ್ರದ ಗಾಡಿಯೊಂದನ್ನು ಮಾರಾಟಕ್ಕೆ ತಂದಿತು. ಸುಮಾರು 1982ರಲ್ಲಿ ಸುಜುಕಿಯ ನಾಲ್ಕು ಚಕ್ರದ ಗಾಡಿ ಬಂತು. ಅಷ್ಟರಲ್ಲಿ ಮಗುಚಿ ಬಿದ್ದು ಸತ್ತವರ, ಅದರಲ್ಲೂ ಮಕ್ಕಳ ಲೆಕ್ಕ ಏರಿ, 1988ರಲ್ಲಿ ಅಲ್ಲಿನ ಸರ್ಕಾರ ಕಂಪನಿಗಳನ್ನು ನ್ಯಾಯಾಲಯಕ್ಕೆ ಎಳೆದು ಒಪ್ಪಂದ ಮಾಡಿಸಿತು. ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಇಲ್ಲದಿದ್ದ ಒಂದು ಚಕ್ರವೇ ಎಲ್ಲ ಅನರ್ಥಕ್ಕೆ ಕಾರಣವೆಂದು ಹಲವರು ನೆಮ್ಮದಿಯಿಂದಿದ್ದರು. ಆದರೆ ನಾಲ್ಕನೆಯ ಚಕ್ರ ಬಂದಮೇಲೂ ಸಾವು ನಿಲ್ಲಲಿಲ್ಲ. 1982ರಿಂದ 2015ರವರೆಗೆ, ಎರಡು ಬಗೆಯವೂ ಸೇರಿ, ಆ ದೇಶದಲ್ಲಿ ಈ ವಾಹನಗಳಿಂದ ಸತ್ತವರು 14,000ಕ್ಕೂ ಹೆಚ್ಚು. ಅವರಲ್ಲಿ 3,000ಕ್ಕೂ ಹೆಚ್ಚು ಮಂದಿ 16 ತುಂಬದ ಮಕ್ಕಳು.

ಕಾರಣ ಗೂಢವೇನಲ್ಲ. ಈ ಗಾಡಿ ನೆಲದಿಂದ ಎತ್ತರ, ಅಗಲದಲ್ಲಿ ಕಿರಿದು. ಆಟದ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ; ತಿರುವಿನಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಸುತ್ತಲಾರದು. ಆದ್ದರಿಂದ ಸವಾರ ತಿರುವಿನ ಒಳಕ್ಕೆ ಬಾಗಬೇಕು, ಏರಿನಲ್ಲಿ ಮುಂದಕ್ಕೆ ಬಾಗಬೇಕು. ಅಂದರೆ ಸವಾರನ ಮೈಭಾರವೂ ಯಂತ್ರದ ಒಂದು ಅಂಗವೇ. ಮೈಭಾರ ಸಾಲದ ಮಗುವನ್ನು ಕೂರಿಸಿದರೆ ಅಂಗವೊಂದು ಇಲ್ಲದ ಯಂತ್ರವನ್ನು ಓಡಿಸಿದಂತೆ.

ಇನ್ನು ಮುಂಚಕ್ರ ಎತ್ತುವ ವಿದ್ಯೆ. ಸವಾರ ಹಿಂದಕ್ಕೆ ಭಾರ ಬಿಟ್ಟು, ಕ್ಲಚ್ಚನ್ನು ಮಿಡಿದು, ಹೆಬ್ಬೆರಳಿನಿಂದ ಥ್ರಾಟಲ್ ಒತ್ತುತ್ತಾನೆ. ಮುಂದಿನ ಎರಡು ಚಕ್ರಗಳು ಏಳುತ್ತವೆ. ಹಿಂದೆ ಎರಡು ಚಕ್ರ ಇರುವುದರಿಂದ ಪಕ್ಕಕ್ಕೆ ಬೀಳುವ ಭಯ ದ್ವಿಚಕ್ರಕ್ಕಿಂತ ಕಡಿಮೆ. ನಮ್ಮವರನ್ನು ಮೋಸಗೊಳಿಸುವುದು ಇದೇ. ಭಯವಿರುವುದು ಪಕ್ಕದಲ್ಲಲ್ಲ, ಹಿಂದೆ. ಗಾಡಿ ಒಂದು ಮಟ್ಟದಲ್ಲಿ ತೂಗಿ ನಿಲ್ಲುತ್ತದೆ. ಅದನ್ನು ದಾಟಿದರೆ ಥ್ರಾಟಲ್ ಬಿಟ್ಟರೂ ಕೆಳಗಿಳಿಯದು. ಆಗ ಮೂತಿಯನ್ನು ನೆಲಕ್ಕೆ ತರಬಲ್ಲದ್ದು ಹಿಂದಿನ ಬ್ರೇಕಿನ ಮೇಲಿರುವ ಬಲಗಾಲು ಮಾತ್ರ. ಕಾಲು ಅಲ್ಲಿಲ್ಲದಿದ್ದರೆ ಗಾಡಿ ಹಿಮ್ಮೊಗವಾಗಿ ಮಗುಚಿ ಸವಾರನ ಎದೆಯ ಮೇಲೆ ಬರುತ್ತದೆ. ಚಕ್ರ ಎತ್ತುವವರು ಬಾಯಿ ಚಪ್ಪರಿಸುವ ಯಮಾಹಾ ರ‍್ಯಾಪ್ಟರ್ 700 ಎಂಬ ಗಾಡಿಗೆ 686 ಸಿ.ಸಿ. ಎಂಜಿನ್ನು, ಸುಮಾರು 190 ಕಿಲೋ ತೂಕ. ಎದೆಯ ಮೇಲೆ ಎರಡು ಕ್ವಿಂಟಲ್ ಎಂದರೆ ಏನೆಂಬುದನ್ನು ಅಕ್ಕಿಮಂಡಿಯ ಹಮಾಲರನ್ನು ಕೇಳಿ ತಿಳಿಯಬಹುದು.

ಹಾಗಾದರೆ ಗಾಡಿಯನ್ನು ಆರಿಸುವುದು ಹೇಗೆ? ನಮ್ಮವರು ಆರಿಸುವುದು ಸಿ.ಸಿ. ನೋಡಿ. ಇದು ಮಧ್ಯಮ ವರ್ಗದ ಹಳೆಯ ಚಾಳಿ. ಬೆಳೆಯುವ ಹುಡುಗ ಎಂದು ಎರಡು ಅಂಗುಲ ಉದ್ದದ ಷರಾಯಿ ಹೊಲಿಸುತ್ತೇವೆ. ಷರಾಯಿ ಉದ್ದವಾದರೆ ಮಡಿಸಬಹುದು. ಎಂಜಿನ್ನನ್ನು ಮಡಿಸಲು ಬರುವುದಿಲ್ಲ. ನೋಡಬೇಕಾದದ್ದು ಸವಾರನ ಅಳತೆ. ಪಾದದಾನಿಯ ಮೇಲೆ ನಿಂತರೆ ಸೀಟಿಗೂ ಮೈಗೂ ನಡುವೆ ಮೂರು ನಾಲ್ಕು ಅಂಗುಲ ತೆರಪಿರಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗಲೂ ಹೆಬ್ಬೆರಳಿಗೆ ಥ್ರಾಟಲ್, ಬೆರಳಿಗೆ ಬ್ರೇಕು ಎಟುಕಬೇಕು. ಹಿಮ್ಮಡಿ ಊರಿದಂತೆಯೇ ಪಾದ ಬ್ರೇಕನ್ನು ಒತ್ತಬೇಕು. ಇದಾದ ಮೇಲೆ ವಯಸ್ಸು: ತಯಾರಕರೇ 6, 10, 12, 16 ವರ್ಷ ಮೇಲ್ಪಟ್ಟವರಿಗೆ ಎಂದು ಬೇರೆಬೇರೆ ಗಾತ್ರ ಗೊತ್ತುಮಾಡಿದ್ದಾರೆ. ಆಮೇಲೆ ಕೆಲಸ: ತೋಟದಲ್ಲಿ ಗೊಬ್ಬರ ಸಾಗಿಸುವುದಕ್ಕೆ ಒಂದು, ಮರಳಿನಲ್ಲಿ ಆಡುವುದಕ್ಕೆ ಇನ್ನೊಂದು. ಸಿ.ಸಿ. ವಿಚಾರ ಕಟ್ಟಕಡೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಇದನ್ನು ಆಗಲೇ ಹೇಳಿ ಮುಗಿಸಿದ್ದಾರೆ.

ಹೋದ ಡಿಸೆಂಬರಿನಲ್ಲಿ ಅಧ್ಯಾಪಕ ಮಿತ್ರರೊಡನೆ ಮಲೆನಾಡಿನ ಒಂದು ರಿಸಾರ್ಟಿಗೆ ಹೋಗಿದ್ದೆ. ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಚಕ್ರದ ಗಾಡಿಗಳು ಬಾಡಿಗೆಗೆ ನಿಂತಿದ್ದವು. ಎಂಟು ವರ್ಷವಿದ್ದೀತು, ಒಂದು ಹೆಣ್ಣುಮಗು ತಂದೆಯ ಮುಂದೆ ಕುಳಿತು ಹ್ಯಾಂಡಲ್ ಹಿಡಿದಿತ್ತು. ಇಬ್ಬರ ತಲೆಯೂ ಬರಿದು. "ಹೆಲ್ಮೆಟ್ ಎಲ್ಲಿ?" ಎಂದೆ. "ಏನೂ ಆಗಲ್ಲ ಸಾರ್, ನಾಲ್ಕು ವೀಲಿದೆ" ಎಂದ ನೋಡಿಕೊಳ್ಳುವ ಹುಡುಗ. ಚೀಟಿ ತೋರಿಸಿದೆ. ಅವನು ಅದನ್ನು ಓದಿರಲಿಲ್ಲ. ಓದುವಂತೆಯೂ ಇರಲಿಲ್ಲ, ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಬಲ್ಲ ತಂದೆಯೂ ಓದಿರಲಿಲ್ಲ. ಮಗುವಿನ ಪ್ರಾಣಕ್ಕೆ ಕಾವಲಾಗಿದ್ದ ನಾಲ್ಕು ಸಾಲು ಇಬ್ಬರು ದೊಡ್ಡವರ ನಡುವೆ ಓದುಗರಿಲ್ಲದೆ ಬಿದ್ದಿತ್ತು.

ಕಾನೂನು ಎಲ್ಲಿದೆ ಎನ್ನುವಿರಾ? ರಸ್ತೆಯಲ್ಲಿ ಬಲವಾಗಿಯೇ ಇದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತನಿಗೆ ಗಾಡಿ ಕೊಟ್ಟು ಅವನು ಅಪರಾಧ ಮಾಡಿದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಆದರೆ 1988ರ ಮೋಟಾರು ವಾಹನ ಕಾಯಿದೆ, ಕಾರ್ಖಾನೆ ಅಥವಾ ಬೇರೆ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಬಗೆಯ ವಾಹನವನ್ನು 'ಮೋಟಾರು ವಾಹನ' ಎಂಬ ಮಾತಿನ ಅರ್ಥದಿಂದಲೇ ಹೊರಗಿಟ್ಟಿದೆ. ಬೇಲಿಯೊಳಗೆ ಬಾಡಿಗೆ ಎಣಿಸುವವನು ಈ ಒಂದು ವಾಕ್ಯದ ನೆರಳಿನಲ್ಲಿ ಹಾಯಾಗಿ ನಿಲ್ಲಬಹುದು. ಆಸ್ಟ್ರೇಲಿಯಾ ಹೀಗೆ ಕೈಕಟ್ಟಿ ಕೂರಲಿಲ್ಲ. 2021ರ ಅಕ್ಟೋಬರಿನಿಂದ ಅಲ್ಲಿ ಮಾರುವ ಹೊಲಗೆಲಸದ ಹೊಸ ಗಾಡಿಗಳಿಗೆ, ಮಗುಚಿದರೆ ಸವಾರ ಜಜ್ಜಿಹೋಗದಂತೆ ಕಾಯುವ ಚೌಕಟ್ಟು ಕಡ್ಡಾಯ. ದೊಡ್ಡ ಕಂಪನಿಗಳು ಅಂಥ ಗಾಡಿಗಳ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿದರೂ ಸರ್ಕಾರ ಜಗ್ಗಲಿಲ್ಲ.

ಇದನ್ನೆಲ್ಲ ಓದಿ ಈ ಮೇಷ್ಟರು ಸಾಹಸದ ವೈರಿ ಎಂದು ತರುಣ ಮಿತ್ರರು ಮೂಗು ಮುರಿಯಬಹುದು. ಹಾಗಲ್ಲ. 1984ರಲ್ಲಿ ಡಗ್ ಡೊಮೊಕೊಸ್ ಎಂಬ ಅಮೆರಿಕದ ಸವಾರ ಟ್ಯಾಲಡೆಗಾದ ಪಂದ್ಯದ ಹಾದಿಯಲ್ಲಿ ಒಂದೇ ಸಮನೆ 145 ಮೈಲಿ ಹಿಂಚಕ್ರದ ಮೇಲೆಯೇ ಮೋಟಾರ್ ಸೈಕಲ್ ಓಡಿಸಿದ. ಅದು ವಿದ್ಯೆ, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ಆ ವಿದ್ಯೆ ಅವನದು, ಗಾಡಿಯದಲ್ಲ. ವೀಣೆಯನ್ನು ಕೊಂಡ ಮಾತ್ರಕ್ಕೆ ಯಾರೂ ವೈಣಿಕರಾಗುವುದಿಲ್ಲ. ಒಂದು ಭಾಗ್ಯವೆಂದರೆ ಅಪಸ್ವರಕ್ಕೆ ಯಾರ ಎದೆಗೂಡೂ ಮುರಿಯುವುದಿಲ್ಲ.

ನಾನು ಕೇಳುವುದು ಮೂರೇ. ಬಾಡಿಗೆಯ ಪ್ರತಿಯೊಂದು ಗಾಡಿಯ ಮೇಲೂ ಎಚ್ಚರಿಕೆ ಕನ್ನಡದಲ್ಲಿರಲಿ. ವಯಸ್ಸಿಗೆ ತಕ್ಕ ಗಾಡಿ, ತಲೆಗೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸಕೂಡದೆಂಬ ನಿಯಮವನ್ನು ಸರ್ಕಾರ ಬೇಲಿಯೊಳಗೂ ತರಲಿ. ಹಣ ಕೊಡುವ ತಂದೆತಾಯಿಗಳು ಮಗುವಿನ ಪಾದ ಬ್ರೇಕಿಗೆ ಎಟುಕುವುದೇ ಎಂದು ಬಗ್ಗಿ ನೋಡಲಿ. ಅಷ್ಟಾದ ಮೇಲೆ ಬಲ್ಲವರು ಚಕ್ರ ಎತ್ತಲಿ. ದೂರದಲ್ಲಿ ನಿಂತು ಮೊದಲು ಚಪ್ಪಾಳೆ ತಟ್ಟುವವನು ನಾನೇ.