ನಡುಮನೆಯ ಸೋಫಾ ಯಾರ ಕಚೇರಿ?

ಮನೆಯಲ್ಲಿ ಕುಳಿತೇ ಕಚೇರಿಯ ಕೆಲಸ ಮಾಡುವ ಪದ್ಧತಿ ನಮ್ಮ ಮಹಾನಗರಗಳಲ್ಲಿ ಬೇರೂರಿ ಐದು ವರ್ಷಗಳಿಗೂ ಮಿಕ್ಕಿದೆ. ಮಹಾಮಾರಿಯ ಕಾಲದ ಮುಖಗವಸುಗಳು ಕಪಾಟು ಸೇರಿದವು, ಆದರೆ ಸೋಫಾದ ಮೇಲೆ ಬಂದು ಕುಳಿತ ಕಚೇರಿ ಮಾತ್ರ ಪೂರ್ತಿಯಾಗಿ ಎದ್ದು ಹೋಗಿಲ್ಲ. ಕೆಲವರಿಗೆ ವಾರಪೂರ್ತಿ, ಹಲವರಿಗೆ ವಾರದಲ್ಲಿ ಎರಡು ಮೂರು ದಿನ ಅದು ಉಳಿದುಕೊಂಡಿದೆ. ಈ ಕುರಿತ ಚರ್ಚೆಯೆಲ್ಲ ಎರಡೇ ಪಕ್ಷಗಳ ನಡುವೆ ನಡೆಯುತ್ತಿದೆ. ಮಾಲೀಕರು ಉತ್ಪಾದಕತೆಯ ಮಾತನಾಡುತ್ತಾರೆ, ನೌಕರರು ಸ್ವಾತಂತ್ರ್ಯದ ಮಾತನಾಡುತ್ತಾರೆ. ಮೂರನೆಯ ಪಕ್ಷವೊಂದಿದೆ; ಅದುವೇ ಮನೆ. ಕಂಪನಿ ಒದಗಿಸಬೇಕಾಗಿದ್ದ ಸ್ಥಳ, ಕುರ್ಚಿ, ವಿದ್ಯುತ್ತು, ಮೌನ ಇವೆಲ್ಲವನ್ನೂ ಈಗ ಒದಗಿಸುತ್ತಿರುವುದು ಮನೆಯೇ. ಅದರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಒಂದೇ ಹಜಾರವಿರುವ ಮುಂಬಯಿ, ಪುಣೆಗಳ ಕನ್ನಡ ಕುಟುಂಬಗಳು ಈ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳುವುದು ಅಗತ್ಯ.

ಆತುರದ ಆರಂಭ

2020ರ ಮಾರ್ಚ್ 24ರ ರಾತ್ರಿ 21 ದಿನಗಳ ರಾಷ್ಟ್ರವ್ಯಾಪಿ ಲಾಕ್‌ಡೌನ್ ಘೋಷಣೆಯಾದಾಗ ಮನೆಯಿಂದ ಕೆಲಸ ಮಾಡಲು ನಮ್ಮಲ್ಲಿ ನಿಯಮಗಳೇ ಅಡ್ಡಿಯಾಗಿದ್ದವು. ಕಾಲ್ ಸೆಂಟರುಗಳಂಥ ಸಂಸ್ಥೆಗಳಿಗೆ ದೂರಸಂಪರ್ಕ ಇಲಾಖೆಯ ನೋಂದಣಿ, ಬ್ಯಾಂಕ್ ಖಾತರಿ ಮುಂತಾದ ಕಟ್ಟುಪಾಡುಗಳಿದ್ದವು. 2020ರ ನವೆಂಬರ್ 5ರಂದು ಅವುಗಳಲ್ಲಿ ಬಹುಪಾಲನ್ನು ತೆಗೆದುಹಾಕಲಾಯಿತು. ವಿಶೇಷ ಆರ್ಥಿಕ ವಲಯಗಳ ನೌಕರರಲ್ಲಿ ಅರ್ಧದಷ್ಟು ಮಂದಿ ಮನೆಯಿಂದ ದುಡಿಯಬಹುದೆಂದು 2022ರ ಜುಲೈ ತಿಂಗಳಲ್ಲಿ ವಾಣಿಜ್ಯ ಸಚಿವಾಲಯ ನಿಯಮ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಮಿತಿಯನ್ನು ಎಲ್ಲ ನೌಕರರಿಗೂ ವಿಸ್ತರಿಸಿತು. ಹೀಗೆ ಕಂಪನಿಗಳ ದಾರಿಯಲ್ಲಿದ್ದ ಕಲ್ಲುಗಳು ಒಂದೊಂದಾಗಿ ಸರಿದವು. ಆದರೆ ಕೆಲಸವನ್ನು ಬರಮಾಡಿಕೊಳ್ಳುವ ಮನೆಗೆ ಏನು ಸಲ್ಲಬೇಕೆಂಬುದನ್ನು ಈ ಯಾವ ನಿಯಮವೂ ಹೇಳಲಿಲ್ಲ.

ಈ ವ್ಯವಸ್ಥೆ ಸ್ಥಿರವಾದುದೂ ಅಲ್ಲ. ಮುಂಬಯಿಯಲ್ಲಿ ಪ್ರಧಾನ ಕಚೇರಿಯಿರುವ ಟಿಸಿಎಸ್, 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ. 25ರಷ್ಟು ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು 2020ರ ಏಪ್ರಿಲಿನಲ್ಲಿ ಪ್ರಕಟಿಸಿತ್ತು. ಅದೇ ಸಂಸ್ಥೆ 2023ರ ಅಕ್ಟೋಬರಿನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ಸೂಚಿಸಿತು. ಮಾರುಕಟ್ಟೆಯ ಸ್ಥಿತಿ ಬದಲಾದಂತೆ ತನ್ನ ನೀತಿಯನ್ನು ಬದಲಿಸುವ ಅಧಿಕಾರ ಕಂಪನಿಗೆ ಉಂಟು. ಆದರೆ ಕುಟುಂಬವೊಂದು ಮನೆ ಕೊಳ್ಳುವುದು ಇಪ್ಪತ್ತು ವರ್ಷಗಳ ಸಾಲದ ಮೇಲೆ. ಮೊದಲ ಮಾತನ್ನು ನಂಬಿ ದೂರದ ಬಡಾವಣೆಯಲ್ಲಿ ಮನೆ ಮಾಡಿದವರಿಗೂ, ಹೆತ್ತವರ ಬಳಿ ಇರೋಣವೆಂದು ಹುಬ್ಬಳ್ಳಿಗೋ ಉಡುಪಿಗೋ ಮರಳಿದವರಿಗೂ ಎರಡನೆಯ ಮಾತು ಭಾರವಾಗುವುದು ಸಹಜ.

ಉಳಿತಾಯ ನಿಜ, ವೆಚ್ಚವೂ ನಿಜ

ಸೋಫಾದ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡಬೇಕು. ಮುಂಬಯಿಯ ಲೋಕಲ್ ರೈಲುಗಳು 2020ರ ಮಾರ್ಚ್ ಕೊನೆಯ ವಾರದಲ್ಲಿ ಜನಸಾಮಾನ್ಯರಿಗೆ ನಿಂತುಹೋದವು. 2021ರ ಫೆಬ್ರವರಿ 1ರಂದು ನಿಗದಿತ ವೇಳೆಗಳಿಗೆ ಮಾತ್ರ ಮತ್ತೆ ತೆರೆದವು. ಆ ಹತ್ತು ತಿಂಗಳುಗಳಲ್ಲಿ ವಿರಾರ್, ಡೊಂಬಿವಲಿ, ಕಲ್ಯಾಣಗಳ ಕುಟುಂಬಗಳು ದಿನಕ್ಕೆ ಎರಡು ಮೂರು ಗಂಟೆಗಳ ಆಯುಷ್ಯವನ್ನು ಮರಳಿ ಪಡೆದವು. ತಂದೆಯ ಮುಖವನ್ನು ಭಾನುವಾರವಷ್ಟೇ ಕಾಣುತ್ತಿದ್ದ ಮಕ್ಕಳು ದಿನವೂ ಜೊತೆಯಲ್ಲಿ ಉಂಡರು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಮೃತಪಟ್ಟ ಘಟನೆಯನ್ನು ನೆನೆದರೆ, ಮನೆಯಿಂದ ಕೆಲಸವನ್ನು ಕೇವಲ ಸೋಮಾರಿತನವೆಂದು ಜರೆಯಲು ಯಾರಿಗೂ ಬಾಯಿ ಬಾರದು.

ಆದರೆ ಉಳಿತಾಯದಲ್ಲಿ ದೊಡ್ಡ ಪಾಲು ಯಾರದು? ಪ್ರತಿ ಆಸನಕ್ಕೂ ಕಂಪನಿ ತೆರುತ್ತಿದ್ದ ಬಾಡಿಗೆ, ಹವಾನಿಯಂತ್ರಣ, ಭದ್ರತೆ, ಚಹಾದ ವೆಚ್ಚಗಳು ಇಳಿದವು. ಇಂಟರ್ನೆಟ್ಟು, ಹಗಲೆಲ್ಲ ತಿರುಗುವ ಪಂಖ, ಬೆನ್ನಿಗೆ ತಕ್ಕ ಕುರ್ಚಿ ಇವು ಮನೆಯ ಖರ್ಚಿಗೆ ಸೇರಿದವು. ಕೆಲವು ಕಂಪನಿಗಳು 2020ರಲ್ಲಿ ಕುರ್ಚಿ ಮೇಜುಗಳಿಗೆಂದು ಒಂದು ಬಾರಿಯ ಭತ್ಯೆ ಕೊಟ್ಟದ್ದುಂಟು. ಅದು ಉದಾರತೆಯಾಗಿತ್ತೇ ವಿನಾ ಹಕ್ಕಾಗಿರಲಿಲ್ಲ. ನಮ್ಮ ಆದಾಯ ತೆರಿಗೆ ಪದ್ಧತಿಯಲ್ಲಿ ಸಂಬಳದಾರನಿಗೆ ಮನೆ-ಕಚೇರಿಯ ವೆಚ್ಚಕ್ಕೆಂದು ಪ್ರತ್ಯೇಕ ಕಡಿತವಿಲ್ಲ. ಜರ್ಮನಿಯಲ್ಲಿ 2023ರಿಂದ ಮನೆಯಲ್ಲಿ ದುಡಿದ ದಿನವೊಂದಕ್ಕೆ 6 ಯೂರೋದಂತೆ, ವರ್ಷಕ್ಕೆ 1,260 ಯೂರೋವರೆಗೆ ತೆರಿಗೆಯ ಆದಾಯದಿಂದ ಕಳೆಯಲು ಅವಕಾಶವಿದೆ. ಸ್ಪೇನ್ ದೇಶದ 2020ರ ಕಾನೂನು ದೂರದಿಂದ ದುಡಿಯುವವರ ಸಲಕರಣೆಗಳ ವೆಚ್ಚವನ್ನು ಮಾಲೀಕನ ತಲೆಗೇ ಕಟ್ಟಿತು. ಸ್ವಿಟ್ಜರ್ಲೆಂಡಿನ ಅತ್ಯುನ್ನತ ನ್ಯಾಯಾಲಯವು ಮಹಾಮಾರಿಗೂ ಮುನ್ನ, 2019ರಲ್ಲೇ, ಕಚೇರಿಯಲ್ಲಿ ತಕ್ಕ ಸ್ಥಳವನ್ನು ಒದಗಿಸದ ಮಾಲೀಕನು ನೌಕರನ ಮನೆ ಬಾಡಿಗೆಯ ಒಂದು ಭಾಗವನ್ನು ಭರಿಸಬೇಕೆಂದು ತೀರ್ಪಿತ್ತಿತು. ಅಂದರೆ ಮನೆಗೂ ಬಾಡಿಗೆ ಸಲ್ಲಬೇಕೆಂಬುದು ವಿಚಿತ್ರವಾದ ಬೇಡಿಕೆಯೇನಲ್ಲ.

ಬೀಡಿ ಕಟ್ಟಿದ ಮನೆಗಳ ಪಾಠ

ಮನೆಯಿಂದ ಕೆಲಸವೆಂಬುದು ಗಣಕಯಂತ್ರದೊಡನೆ ಹುಟ್ಟಿದ ಹೊಸ ಸಂಗತಿಯೆಂದು ನಾವು ಭಾವಿಸುತ್ತೇವೆ. ಮುಂಬಯಿ ಕನ್ನಡಿಗರಲ್ಲಿ ಅನೇಕರ ಮೂಲವಾದ ಕರಾವಳಿಯಲ್ಲಿ ಇದು ತಲೆಮಾರುಗಳಷ್ಟು ಹಳೆಯದು. ದಕ್ಷಿಣ ಕನ್ನಡದ ಜಗಲಿಗಳಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ಹೆಣ್ಣುಮಕ್ಕಳು ನಮ್ಮ ಮೊದಲ ಮನೆ-ನೌಕರರ ಸಾಲಿನಲ್ಲಿದ್ದವರು. ಆ ದುಡ್ಡಿನಿಂದ ಅಕ್ಕಿ ಬಂದಿದೆ, ಶಾಲೆಯ ಶುಲ್ಕ ಸಂದಿದೆ, ಮದುವೆಗಳೂ ನಡೆದಿವೆ.

ಆ ಮನೆಗಳನ್ನು ಕಾನೂನು ತಡವಾಗಿಯಾದರೂ ಗುರುತಿಸಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರ ವ್ಯಾಖ್ಯೆಯೊಳಗೆ ತಂದಿತು. ಮಾಲೀಕನ ಕಣ್ಣೆದುರಿಲ್ಲದೆ ಮನೆಯಲ್ಲಿ ದುಡಿಯುವವರಿಗೆ ಭವಿಷ್ಯನಿಧಿ ಏಕೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಟ್ಟಿದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಮಾಲೀಕನಿಗಿದೆಯಾದುದರಿಂದ ಅದೇ ಅವನ ಮೇಲ್ವಿಚಾರಣೆ, ಆದಕಾರಣ ಅವರೂ ಭವಿಷ್ಯನಿಧಿಗೆ ಅರ್ಹರು ಎಂದು 1985ರಲ್ಲಿ ನ್ಯಾಯಾಲಯ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯ್ದೆ ವಿಲೀನವಾಗಿದೆ. ಆದರೆ ಅದು ಒಪ್ಪಿಕೊಂಡ ತತ್ತ್ವ ಮರೆಯತಕ್ಕದ್ದಲ್ಲ: ಕೆಲಸ ನಡೆಯುವ ಸ್ಥಳ ಮನೆಯಾದ ಮಾತ್ರಕ್ಕೆ ಮಾಲೀಕನ ಹೊಣೆ ಹೊಸ್ತಿಲಾಚೆಗೇ ನಿಂತುಬಿಡುವುದಿಲ್ಲ.

ಆ ಮನೆಗಳಿಂದ ಕಲಿಯಬೇಕಾದ ಇನ್ನೊಂದು ಪಾಠ ಕಹಿಯಾದುದು. ಮನೆಗೆ ಬಂದ ಕೆಲಸ ಒಬ್ಬರಲ್ಲೇ ನಿಲ್ಲದು. ಶಾಲೆಯಿಂದ ಬಂದ ಮಗಳು ನೂಲು ಸುತ್ತುತ್ತಿದ್ದಳು, ಅಜ್ಜಿ ಎಲೆ ಕತ್ತರಿಸುತ್ತಿದ್ದಳು. ಲೆಕ್ಕ ಮಾತ್ರ ಒಬ್ಬಳ ಹೆಸರಿನಲ್ಲಿ ಇರುತ್ತಿತ್ತು. ಇಂದು ಮಗನ ವಿಡಿಯೋ ಸಭೆ ನಡೆಯುವಾಗ ಕುಕ್ಕರಿನ ಸೀಟಿಯನ್ನು ತಡೆಹಿಡಿಯುವ ತಾಯಿ, ದೂರದರ್ಶನದ ಧ್ವನಿಯನ್ನು ಅಡಗಿಸಿ ಕೂರುವ ತಂದೆ, ಆಟ ಬಿಟ್ಟು ಮೂಲೆ ಸೇರುವ ಮಗು ಇವರೆಲ್ಲರೂ ಆ ಕಂಪನಿಗೆ ಸಂಬಳವಿಲ್ಲದೆ ದುಡಿಯುವವರೇ.

ಜಗಲಿಯಿಲ್ಲದ ಮನೆ

ನಮ್ಮ ಹಿರಿಯರ ಮನೆಗಳಲ್ಲಿ ವೃತ್ತಿ ಇರಲಿಲ್ಲವೆಂದಲ್ಲ. ಶಾನುಭೋಗರ ಕಡತ, ಪಂಡಿತರ ಔಷಧದ ಪೆಟ್ಟಿಗೆ, ವಕೀಲರ ದಫ್ತರ ಎಲ್ಲವೂ ಮನೆಯಲ್ಲೇ ಇದ್ದವು. ಆದರೆ ಅವಕ್ಕೊಂದು ಜಾಗವಿತ್ತು. ಬೀದಿಗೂ ನಡುಮನೆಗೂ ನಡುವೆ ಜಗಲಿಯೋ ಚಾವಡಿಯೋ ಇತ್ತು. ಕಕ್ಷಿದಾರ ಅಲ್ಲಿಗೆ ಬರುತ್ತಿದ್ದ, ಅಲ್ಲಿಂದಲೇ ಹಿಂದಿರುಗುತ್ತಿದ್ದ. ಕಡತ ಕಟ್ಟಿಟ್ಟು ಒಳಕ್ಕೆ ಬಂದರೆ ಆ ದಿನದ ಕೆಲಸ ಮುಗಿಯಿತು.

ಮುಂಬಯಿಯ ಮನೆಗೆ ಜಗಲಿಯಿಲ್ಲ. ವರ್ಲಿಯ ಬಿಡಿಡಿ ಚಾಳುಗಳ ಕೋಣೆಯ ವಿಸ್ತೀರ್ಣ 160 ಚದರ ಅಡಿ. ಪುನರ್ನಿರ್ಮಾಣದಲ್ಲಿ ಅದಕ್ಕೆ ಪ್ರತಿಯಾಗಿ ದೊರೆಯುತ್ತಿರುವುದು 500 ಚದರ ಅಡಿಯ ಮನೆ. ಇಂಥ ಮನೆಯ ಹಜಾರವೇ ಊಟದ ಕೋಣೆ, ಮಕ್ಕಳ ಪಾಠಶಾಲೆ, ಅತಿಥಿಗೃಹ, ರಾತ್ರಿ ಅಜ್ಜ ಮಲಗುವ ಸ್ಥಳ. ಅಲ್ಲಿನ ಸೋಫಾವನ್ನು ಬೆಳಗಿನಿಂದ ರಾತ್ರಿಯವರೆಗೆ ಒಬ್ಬರು ಆಕ್ರಮಿಸಿದರೆ ಉಳಿದವರೆಲ್ಲ ತಮ್ಮದೇ ಮನೆಯಲ್ಲಿ ಒಕ್ಕಲುಗಳಾಗುತ್ತಾರೆ.

ಅದರಲ್ಲೂ ಗೃಹಿಣಿಯ ಸ್ಥಿತಿ ಸೂಕ್ಷ್ಮವಾದುದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ ಗಂಡಸರು ವ್ಯಯಿಸುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು. ಮಹಾಮಾರಿ ಬಂದು ಹೋದ ಐದು ವರ್ಷಗಳ ಎರಡು ತುದಿಗಳಲ್ಲೂ ಅಂತರ ಬಹುತೇಕ ಹಾಗೆಯೇ ಇದೆ. ಗಂಡಸು ಮನೆಯಲ್ಲಿ ಕುಳಿತರೆ ಅವನು ಕಚೇರಿಯಲ್ಲಿದ್ದಾನೆಂದು ಮನೆಯವರು ತಿಳಿಯುತ್ತಾರೆ. ಹೆಂಗಸು ಮನೆಯಲ್ಲಿ ಕುಳಿತರೆ ಅವಳು ಮನೆಯಲ್ಲಿದ್ದಾಳೆಂದೇ ತಿಳಿಯುತ್ತಾರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು ರಜೆಯ ನಂತರ ಪರಸ್ಪರ ಒಪ್ಪಿಗೆಯ ಮೇರೆಗೆ ತಾಯಂದಿರು ಮನೆಯಿಂದ ದುಡಿಯಲು ಅವಕಾಶ ಕೊಟ್ಟಿತು. ಸದುದ್ದೇಶದ ಆ ಅವಕಾಶ, ಮಡಿಲಲ್ಲಿ ಕೂಸು, ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್ ಎಂಬ ಇಮ್ಮಡಿ ದುಡಿಮೆಯಾಗದಂತೆ ನೋಡಿಕೊಳ್ಳಬೇಕಾದವರು ಮನೆಯವರೇ.

ದೇಹದ ದೂರು

ಸೋಫಾ ವಿಶ್ರಾಂತಿಗೆಂದು ರೂಪುಗೊಂಡ ಪೀಠ. ಅದು ತಗ್ಗು, ಆಳ, ಮೆತ್ತಗೆ. ಅದರಲ್ಲಿ ಹೊತ್ತುಗಟ್ಟಲೆ ಕುಳಿತರೆ ಸೊಂಟದ ಸಹಜ ಬಾಗು ಅಳಿದು ಬೆನ್ನು ಗೂನಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಹಿತವಾದ ಎತ್ತರದಲ್ಲಿಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಹಿತವಾಗಿಟ್ಟರೆ ಭುಜ ನೋಯುತ್ತದೆ. ನೆಲದ ಮೇಲೆ ಕುಳಿತು ಬರೆಯುತ್ತಿದ್ದ ಗುಮಾಸ್ತರು ಸಹ ಮುಂದೆ ಇಳಿಜಾರು ಪೆಟ್ಟಿಗೆಯೊಂದನ್ನು ಇಟ್ಟುಕೊಳ್ಳುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಬೇರೊಂದು ಕೀಲಿಮಣೆ ಕೊಂಡು, ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೇರಿಸಿ, ಊಟದ ಮೇಜಿನ ಗಟ್ಟಿ ಕುರ್ಚಿಯಲ್ಲಿ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ನಡೆದರೆ ದೂರಿನಲ್ಲಿ ಬಹುಪಾಲು ಇಳಿಯುತ್ತದೆ.

ಇಳಿಯದಿರುವುದು ಹೊತ್ತಿನ ಮಿತಿಯಿಲ್ಲದ ದುಡಿಮೆಯ ಹಾನಿ. ವಾರಕ್ಕೆ 55 ಗಂಟೆ ಮತ್ತು ಅದಕ್ಕೂ ಹೆಚ್ಚಿನ ದುಡಿಮೆಯಿಂದಾದ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರಲ್ಲಿ ಜಗತ್ತಿನಾದ್ಯಂತ 7,45,000 ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಅಂದಾಜು ಮಾಡಿದವು. ಕಚೇರಿಯಲ್ಲಾದರೆ ಕೊನೆಯ ರೈಲಿನ ವೇಳೆಯಾದರೂ ಒಬ್ಬನನ್ನು ಎಬ್ಬಿಸುತ್ತಿತ್ತು. ಸೋಫಾದಿಂದ ಎಬ್ಬಿಸುವ ರೈಲು ಯಾವುದೂ ಇಲ್ಲ.

ಕಾನೂನು ಮತ್ತು ನಾವು

ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟಿನಲ್ಲಿ, ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ನೌಕರರಿಗೆ ಕೊಟ್ಟವು. ಪೋರ್ಚುಗಲ್ 2022ರಿಂದ ಆ ಹೊತ್ತಿನಲ್ಲಿ ನೌಕರನನ್ನು ಕರೆಯದಿರುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿತು. ಜರ್ಮನಿಯಲ್ಲಿ ಮಲಗುವ ಕೋಣೆಯಿಂದ ಕೆಳಗಿನ ಮಹಡಿಯ ಮನೆ-ಕಚೇರಿಗೆ ಇಳಿಯುವಾಗ ಜಾರಿಬಿದ್ದವನ ಗಾಯವನ್ನು ಉದ್ಯೋಗದ ಅಪಘಾತವೆಂದೇ 2021ರ ಡಿಸೆಂಬರಿನಲ್ಲಿ ನ್ಯಾಯಾಲಯ ಪರಿಗಣಿಸಿತು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆಯವರು ಇಂಥದೇ ಹಕ್ಕಿಗಾಗಿ 2018ರಲ್ಲೂ 2025ರಲ್ಲೂ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. 1970ರ ನಂತರ ಯಾವ ಖಾಸಗಿ ಮಸೂದೆಯೂ ಸಂಸತ್ತಿನಲ್ಲಿ ಕಾನೂನಾಗಿಲ್ಲವೆಂಬುದನ್ನು ನೆನೆದರೆ ಅದರ ದಾರಿ ದೂರವೇ ಸರಿ. ಕರ್ನಾಟಕದಲ್ಲಂತೂ 2024ರ ಜುಲೈ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನ ಕ್ಷೇತ್ರದ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪವೇ ಎದ್ದು, ನೌಕರರ ಸಂಘಟನೆಗಳ ತೀವ್ರ ವಿರೋಧವನ್ನು ಎದುರಿಸಬೇಕಾಯಿತು.

ಕಾನೂನು ಬರುವವರೆಗೆ ಮನೆಯೇ ತನ್ನ ಕರಾರನ್ನು ಬರೆದುಕೊಳ್ಳುವುದು ಲೇಸು. ಕೆಲಸದ ಜಾಗ ಯಾವುದು, ಎಷ್ಟು ಹೊತ್ತಿನವರೆಗೆ, ಸಂಜೆ ದೀಪ ಹಚ್ಚಿದ ಮೇಲೆ ಹಜಾರ ಯಾರದು, ಮನೆಯಲ್ಲಿರುವ ಗಂಡಸಿನ ಪಾಲಿನ ಮನೆಗೆಲಸ ಯಾವುದು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ನಿರ್ಣಯಿಸಬೇಕು. ಉದ್ಯೋಗ ಬದಲಿಸುವ ಯುವಕರು ಸಂಬಳವನ್ನು ಮಾತನಾಡುವಾಗಲೇ ಕುರ್ಚಿ, ಇಂಟರ್ನೆಟ್ಟು, ಮನೆಯಿಂದ ದುಡಿಯುವ ದಿನಗಳು ಇವನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ಬಾಯಿಮಾತಿನ ಸೌಲಭ್ಯ ಒಂದು ಸುತ್ತೋಲೆಯಿಂದ ಅಳಿಸಿಹೋಗುತ್ತದೆ.

ಸಂಘ ಸಂಸ್ಥೆಗಳಿಗೂ ಇಲ್ಲೊಂದು ಕರ್ತವ್ಯವಿದೆ. ಹಗಲೆಲ್ಲ ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು, ಓದಲು ಮನೆಯೇ ಇಲ್ಲದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ಕಟ್ಟಿದರು. ಆ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಮಕ್ಕಳು ಮೊಮ್ಮಕ್ಕಳೇ ಇಂದು ಲ್ಯಾಪ್‌ಟಾಪ್ ಹಿಡಿದು, ಕೂರಲು ಮೂಲೆ ಕಾಣದೆ ಸೋಫಾದ ಮೇಲೆ ಮುದುಡಿರುವವರು. ಸಂಘಗಳ ವಾಚನಾಲಯಗಳೂ ಸಣ್ಣ ಸಭಾಂಗಣಗಳೂ ತುಂಬುವುದು ಹೆಚ್ಚಾಗಿ ಶನಿವಾರ ಭಾನುವಾರಗಳಂದು. ಉಳಿದ ಐದು ದಿನಗಳ ಹಗಲಿನಲ್ಲಿ ಹತ್ತು ಗಟ್ಟಿ ಕುರ್ಚಿ, ಐದು ಮೇಜು, ಒಂದು ಇಂಟರ್ನೆಟ್ ಸಂಪರ್ಕವಿಟ್ಟು, ಅಲ್ಪ ಶುಲ್ಕಕ್ಕೆ ಸದಸ್ಯರ ಮನೆಮಕ್ಕಳಿಗೆ ತೆರೆದರೆ ನಮ್ಮ ಮನೆಗಳು ಕಳೆದುಕೊಂಡ ಜಗಲಿ ಮತ್ತೆ ದೊರೆತಂತಾಗುತ್ತದೆ. ಸಂಘದ ಬಾಗಿಲನ್ನು ಉತ್ಸವಗಳಿಗಷ್ಟೇ ತುಳಿಯುವ ಯುವಕರು ವಾರದ ದಿನಗಳಲ್ಲೂ ಅಲ್ಲಿ ಕನ್ನಡ ಕೇಳುವಂತಾಗುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ನಮ್ಮ ಸಂಘಗಳು ಈ ವಿಷಯವನ್ನು ಎತ್ತಿಕೊಳ್ಳುವುದು ಉಚಿತ.