ಕಾರ್ ಟ್ರ್ಯಾಕ್ ಡಬ್ಬದ ಮೇಲಿನ ‘3+’ ಮಗುವಿನ ಬುದ್ಧಿಯ ಲೆಕ್ಕವೇ?

ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಕಾರ್ ಟ್ರ್ಯಾಕ್ ಸೆಟ್ ಕೊಳ್ಳುವಾಗ ‘ನಮ್ಮ ಮಗು ಚುರುಕು, ಎರಡು ವರ್ಷಕ್ಕೇ ಕೊಡಬಹುದು’ ಅನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. 3+ ಎನ್ನುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲ, ಅದು ಗಂಟಲಿನ ಲೆಕ್ಕ. ಪರೀಕ್ಷೆಯಲ್ಲಿ ಸುಮಾರು 31.7 ಮಿ.ಮೀ. ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಬಿಡಿಭಾಗವಿದ್ದರೆ ಆ ಆಟಿಕೆ ಮೂರು ವರ್ಷದೊಳಗಿನವರಿಗೆ ಸಲ್ಲದು. ಮನೆಯಲ್ಲಿ ಅಂದಾಜಿಗೆ ಹಳೇ ಟಾರ್ಚಿನ ದಪ್ಪ ಸೆಲ್ ಸಾಕು. ಅದರ ಅಗಲಕ್ಕಿಂತ ಸಣ್ಣ ಚಕ್ರ, ಕೊಂಡಿ ಕಳಚಿ ಬರುವಂತಿದ್ದರೆ ಆ ಸೆಟ್ ಬೇಡ.

ಇನ್ನೂ ದೊಡ್ಡ ಅಪಾಯ ಬಟನ್ ಸೆಲ್. ಲೈಟು, ಹಾರನ್ ಇರುವ ಪುಟ್ಟ ಕಾರುಗಳಲ್ಲಿ, ರಿಮೋಟ್‌ಗಳಲ್ಲಿ ಇದಿರಬಹುದು. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ಕರೆಂಟ್ ಹರಿದು ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಯಲ್ಲಿ ತೀವ್ರ ಸುಟ್ಟ ಗಾಯವಾಗಬಹುದು. ಸೆಲ್ ಸೋರಲೇಬೇಕೆಂದಿಲ್ಲ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು ತಿನ್ನಿಸಿ ‘ಬೆಳಗ್ಗೆ ಹೊರಗೆ ಬರುತ್ತೆ’ ಎಂದು ಕಾಯುವುದಂತೂ ಬೇಡವೇ ಬೇಡ. ತಕ್ಷಣ ಎಕ್ಸ್‌-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕೊಳ್ಳುವಾಗಲೇ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಉಗುರಿನಿಂದ ತೆಗೆಯಬಹುದಾದರೆ ಮಗುವೂ ತೆಗೆಯುತ್ತದೆ.

2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲಿನ ‘ಸಿಇ’ ಅಕ್ಷರಗಳು ಅದಕ್ಕೆ ಬದಲಿಯಲ್ಲ. ಐಎಸ್‌ಐ ಗುರುತನ್ನೂ ಯಾರು ಬೇಕಾದರೂ ಅಚ್ಚು ಹಾಕಿಬಿಡಬಹುದು, ಆದ್ದರಿಂದ ಜೊತೆಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಭೌಗೋಳಿಕ ಸೂಚಿಕೆ ಇರುವ ಚನ್ನಪಟ್ಟಣದ ಗೊಂಬೆಗಳಿಗೆ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದರೆ, ಈ ನಿಯಮದಿಂದ ವಿನಾಯಿತಿ ಇದೆ. ಐಎಸ್‌ಐ ಇಲ್ಲವೆಂದ ಮಾತ್ರಕ್ಕೆ ಅಲ್ಲಿನ ಮರದ ಕಾರು ನಕಲಿ ಎಂದು ಫಾರ್ವರ್ಡ್ ಮಾಡಬೇಡಿ.